ಎಚ್ಚರಿಕೆಯ ನಾಲ್ಕು ಸಾಲು

ಟೀವಿ ಧಾರಾವಾಹಿಯೊಂದರ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಹೊಸ ಕಥೆ ಬರೆಯುವ ವೆಬ್‌ಸೈಟಿನಲ್ಲಿ ನಾನು ಬೇರೆ ಹೆಸರಿನಿಂದ ಮೂರು ವರ್ಷ ಬರೆದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಲ್ಲಿ ಒಂದು ನಿಯಮವಿತ್ತು. ಹೊಡೆತ, ಬಲವಂತ, ಸಾವು, ಇಂಥದ್ದೇನಿದ್ದರೂ ಕಥೆಯ ಮೇಲ್ಭಾಗದಲ್ಲಿ ಎಚ್ಚರಿಕೆ ಕೊಡಬೇಕು. ತಡೆದುಕೊಳ್ಳಬಲ್ಲವರು ಒಳಗೆ ಬರಲಿ, ಉಳಿದವರು ಅಲ್ಲಿಂದಲೇ ವಾಪಸ್ ಹೋಗಲಿ ಎಂದು. ಹೆಚ್ಚಿನವರು ಒಂದು ಪದ ಹಾಕಿ ಮುಗಿಸುತ್ತಿದ್ದರು. ಯಾರಿಗೂ ಮೋಸವಾಗಬಾರದೆಂದು ನಾನು ಮಾತ್ರ ಕಥೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೆ.

ಕಳೆದ ವರ್ಷ ಒಂದು ಕಥೆಗೆ ಲಾಕ್ ಹಾಕಿದೆ. ಓದಬೇಕೆನ್ನುವವರು ಕೋರಿಕೆ ಕಳಿಸಬೇಕು, ನಾನು ಒಪ್ಪಬೇಕು. ನಾಯಕಿಯ ಹೆಸರು ಧಾರಾವಾಹಿಯದ್ದು. ಕಥೆ ನನ್ನ ಅಕ್ಕನದು. ಹುಣಸಮಾರನಹಳ್ಳಿಯ ಗಂಡನ ಮನೆಯಲ್ಲಿ ನಡೆದದ್ದನ್ನು ಅವಳು ಹೇಳಿದ್ದು ನನಗೊಬ್ಬಳಿಗೇ. ಈ ಬರಹಕ್ಕೆ ಅವಳ ಒಪ್ಪಿಗೆ ಪಡೆದಿದ್ದೇನೆ. ಆ ಕಥೆಗೆ ಪಡೆದಿರಲಿಲ್ಲ.

ಲಾಕ್ ಇದ್ದರೂ ಎಚ್ಚರಿಕೆ ಎಲ್ಲರಿಗೂ ಕಾಣುತ್ತದೆ. ಕಾಣಲೆಂದೇ ಅದು ಇರುವುದು. ಅದು ಗೊತ್ತಿದ್ದೂ ನಾನು ಹೀಗೆ ಬರೆದಿದ್ದೆ:

ಗಂಡ ಹೆಂಡತಿಯನ್ನು ಬಚ್ಚಲುಮನೆಯಲ್ಲಿ ಕೂಡಿಹಾಕುತ್ತಾನೆ.
ಅವಳ ಕೈಯಲ್ಲಿ ಮಗುವಿನ ಒದ್ದೆ ಯೂನಿಫಾರ್ಮ್ ಇರುತ್ತದೆ.
ಸಂಜೆವರೆಗೂ ಬಾಗಿಲು ತೆಗೆಯುವವರಿಲ್ಲ.
ನಾದಿನಿ ಹೊರಗೆ ಟೀವಿ ನೋಡುತ್ತಿರುತ್ತಾಳೆ.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಮಗಳನ್ನು ಕರೆದುಕೊಂಡು ಅಮೃತಹಳ್ಳಿಯ ನಮ್ಮ ಮನೆಗೆ ಬಂದಳು. ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಸೀದಾ ನನ್ನ ರೂಮಿಗೆ ಬಂದು ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಆ ಧಾರಾವಾಹಿಯ ಕಥೆಗಳನ್ನು ಓದುವ ಅವಳ ನಾದಿನಿ ನನ್ನ ಕಥೆಯ ಲಿಂಕ್ ಕಳಿಸಿದ್ದಳು. ಕೆಳಗೆ ಇಷ್ಟೇ: 'ಅತ್ತಿಗೆ, ಇದು ನೋಡಿದ್ರಾ?'

"ನೀನೇ ತಾನೇ?" ಅಂದಳು ಅಕ್ಕ.

ಇಲ್ಲ ಅನ್ನಲು ಬಾಯಿ ತೆರೆದೆ.

"ಹೂಂ."

"ಅಮ್ಮಂಗೂ ಹೇಳಿರ್ಲಿಲ್ಲ ಕಣೇ ನಾನು. ನೀನು ಊರಿಗೆಲ್ಲಾ ಕಾಣೋ ಹಂಗೆ ಬೋರ್ಡ್ ಬರೆಸಿ ಹಾಕಿದೀಯ!"

"ಕಥೆ ಯಾರಿಗೂ ಕಾಣಲ್ಲ ಅಕ್ಕ. ಲಾಕ್ ಇದೆ."

"ಕಥೆ ಯಾರಿಗ್ ಬೇಕು? ಇಷ್ಟು ಓದಿದ್ರೆ ಸಾಲ್ದಾ? ಅವಳು ಇದನ್ನ ತಗೊಂಡ್ಹೋಗಿ ಇವ್ರಿಗೆ ತೋರಿಸಿದ್ರೆ? ಬಾಯಿ ಬಿಟ್ಟಿದ್ಯಾ ಅಂತ ಮತ್ತೆ ಶುರು ಮಾಡ್ತಾರೆ. ಯೋಚ್ನೆ ಮಾಡಿದ್ಯಾ ನೀನು?"

ಯೋಚಿಸಿರಲಿಲ್ಲ. ಗುರುತಿಲ್ಲದ ಓದುಗರ ಮನಸ್ಸಿಗೆ ನೋವಾದೀತೆಂದು ಒಂದೊಂದು ಪದ ತೂಗಿ ಬರೆದವಳು ನಾನು.

ಲ್ಯಾಪ್‌ಟಾಪ್ ತೆರೆದು ಅಳಿಸಲು ಹೊರಟೆ. ಅಕ್ಕ ನನ್ನ ಕೈ ಹಿಡಿದಳು. "ಬೇಡ. ಈಗ ಮಾಯ ಆದ್ರೆ ಅವಳಿಗೆ ಖಾತ್ರಿ ಆಗ್ಬಿಡುತ್ತೆ."

ಕೋರಿಕೆಗಳ ಪಟ್ಟಿ ನೋಡಿದೆವು. ಐದು ಹೊಸವು ಇದ್ದವು. ಯಾವುದೂ ನಿಜವಾದ ಹೆಸರಲ್ಲ. ನಾಲ್ಕರಲ್ಲಿ ಮಾತಿರಲಿಲ್ಲ. ಐದನೆಯದರ ಜೊತೆ ಒಂದು ಪ್ರಶ್ನೆಯಿತ್ತು: 'ಬಾಗಿಲು ತೆಗೆದಿದ್ದು ಯಾರು ಅಂತ ಕಥೇಲಿ ಇದೆಯಾ?'

ಅಕ್ಕ ಅದನ್ನು ಎರಡು ಸಲ ಓದಿದಳು. ಮಂಚದ ಮೇಲೆ ಕುಳಿತಳು.

"ಇದು ಅವಳೇ."

"ಯಾರಕ್ಕ ತೆಗೆದಿದ್ದು? ನೀನು ಹೇಳ್ಲೇ ಇಲ್ಲ."

"ನೀನು ಕೇಳ್ಲೂ ಇಲ್ಲ. ನಾನು ಅಳೋದು ಕೇಳಿದ್ರೆ ಇವ್ರಿಗೆ ಇನ್ನೂ ಸಿಟ್ಟು ಬರುತ್ತೆ ಅಂತ ಟೀವಿ ಜೋರು ಮಾಡ್ಕೊಂಡು ಕೂತಿದ್ಲು. ಸಂಜೆ ಇವ್ರು ಬಿಲ್ಡಿಂಗ್ ಕೆಲಸದ ಕಡೆ ಹೊರಟಿದ್ದೇ ಬಂದು ತೆಗೆದ್ಲು. ಅವತ್ತು ರಾತ್ರಿ ಅವಳಿಗೂ ಏಟು ಬಿತ್ತು."

ನನ್ನ ಕಥೆಯಲ್ಲಿ ನಾದಿನಿ ಟೀವಿ ನೋಡುತ್ತಾ ನಗುತ್ತಾಳೆ. ಟೀವಿ ಹಾಕಿತ್ತು ಎಂದಷ್ಟೇ ಅಕ್ಕ ಹೇಳಿದ್ದು. ನಗು ನಾನು ಸೇರಿಸಿದ್ದು. ಅದನ್ನು ಅಕ್ಕನಿಗೆ ಹೇಳಿದೆ.

"ಅವಳನ್ನ ಒಳಗೆ ಬಿಡು," ಅಂದಳು ಅಕ್ಕ. "ಮೊದ್ಲು ಅದನ್ನ ಸರಿ ಮಾಡು. ಆಮೇಲೆ ಬಿಡು."

"ಅವಳು ತನ್ನ ಅಣ್ಣನ ಕಡೆ ಆದ್ರೆ?"

"ಆಗಿದ್ರೆ ಲಿಂಕ್ ನಂಗ್ಯಾಕೆ ಕಳಿಸ್ತಿದ್ಲು, ದಡ್ಡಿ?"

ಧೈರ್ಯವಾಗಿಯೇ ಅಂದಳು. ಅವಳು ಹೇಳುತ್ತಾ ಹೋದಳು, ನಾನು ಬರೆದೆ. ನಗು ಹೋಯಿತು, ಬಾಗಿಲು ತೆಗೆದವಳು ಬಂದಳು. ಎಚ್ಚರಿಕೆಯ ನಾಲ್ಕು ಸಾಲು ತೆಗೆದು 'ಮನೆಯೊಳಗಿನ ಹಿಂಸೆ' ಎಂದು ಎರಡು ಪದ ಹಾಕಿದೆ. ಆಮೇಲೆ ಐದನೆಯ ಕೋರಿಕೆಯನ್ನು ಒಪ್ಪಿದೆ.

ಊಟಕ್ಕೆ ಕರೆದರು. ಅಮ್ಮ ಸಾರು ಬಡಿಸುತ್ತಾ, "ಅಕ್ಕತಂಗೀರಿಬ್ರೂ ಫೋನ್ ನೋಡ್ಕೊಂಡೇ ಉಣ್ತೀರಲ್ಲ, ಯಾರಾದ್ರೂ ಲಾಟರಿ ರಿಸಲ್ಟ್ ಕಳಿಸ್ತಾರಾ?" ಅಂದರು. ನಾವು ನಗಲಿಲ್ಲ. ಅಕ್ಕ ಅನ್ನ ಕಲಸಿ ಹಾಗೇ ಬಿಟ್ಟಳು. ಅಷ್ಟರಲ್ಲಿ ನಾದಿನಿ ಕಥೆ ತೆರೆದದ್ದು ವೆಬ್‌ಸೈಟಿನಲ್ಲಿ ನನಗೆ ಕಾಣಿಸಿತು. ಒಂದು ಗಂಟೆ ಏನೂ ಬರಲಿಲ್ಲ. ಎರಡು ಗಂಟೆ. ಅಮ್ಮ, ಮಗು ಹಾಲ್‌ನಲ್ಲಿ ಮಲಗಿದರು.

ನಾಲ್ಕಕ್ಕೆ ಅಕ್ಕನ ಫೋನಿಗೆ ಮೆಸೇಜ್ ಬಂತು: 'ಅತ್ತಿಗೆ, ಇವತ್ತು ನೀವು ಬರ್ಬೇಡಿ. ಅಲ್ಲೇ ಇರಿ. ಬುಧವಾರ ಅಣ್ಣ ಊರಲ್ಲಿರಲ್ಲ. ಪಾಪು ಸ್ಕೂಲ್ ಬ್ಯಾಗು, ನಿಮ್ ಬಟ್ಟೆ ನಾನೇ ತಂದ್ಕೊಡ್ತೀನಿ.'

ಅಕ್ಕ ಅದನ್ನು ನನಗೆ ತೋರಿಸಿದಳು. ನಾನು ಮಾತಾಡಲು ಹೊರಟಾಗ ಬೇಡವೆಂದು ಕೈ ಮಾಡಿದಳು. ಹಾಲ್‌ಗೆ ಹೋಗಿ ಅಮ್ಮನ ಪಕ್ಕ ಕೂತು ಭುಜ ಅಲುಗಿಸಿದಳು.

"ಏಳಮ್ಮ. ನಿಂಗೊಂದು ವಿಷಯ ಹೇಳ್ಬೇಕು. ನಾನೇ ಹೇಳ್ತೀನಿ."

ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ನಾನು ಹೊರಗೆ ಬಂದೆ. ಅವರ ಮಾತು ಕೇಳಿಸದಷ್ಟು ದೂರ, ರಸ್ತೆಯ ತುದಿಯವರೆಗೂ ನಡೆದೆ.