ಶನಿವಾರದ ಮಕ್ಕಳು ಮತ್ತು ಒಂದು ಮೊಳೆ

ಭಾನುವಾರ ಬೆಳಗಿನ ಆರು ಗಂಟೆ. ಹೆರಿಗೆ ವಾರ್ಡಿನ ಕಾರಿಡಾರಿನಲ್ಲಿ ಒಂದು ಫ್ರಿಜ್ಜು, ಅದಕ್ಕೊಂದು ಬೀಗ, ಅದರೆದುರು ಸೊಂಟಕ್ಕೆ ಕೈಯಿಟ್ಟು ನಿಂತ ಐವತ್ಮೂರರ ವಿಜ್ಞಾನಿ. ಒಳಗೆ ಹೆಪಟೈಟಿಸ್ ಬಿ ಲಸಿಕೆಯಿದೆ. ಪಕ್ಕದ ಕೋಣೆಯಲ್ಲಿ ನಿನ್ನೆ ಮಧ್ಯಾಹ್ನ ಮೂರಕ್ಕೆ ಹುಟ್ಟಿದ ಹೆಣ್ಣುಮಗುವಿದೆ. ತಾಯಿಯ ರಕ್ತದಲ್ಲಿ ವೈರಸ್ ಇದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಮಗುವಿಗೆ ಲಸಿಕೆ ಬೀಳಬೇಕು. ಬೀಗದ ಕೈ ಸ್ಟೋರ್‌ಕೀಪರ್ ಜೇಬಿನಲ್ಲಿದೆ, ಸ್ಟೋರ್‌ಕೀಪರ್ ಮನೆಯಲ್ಲಿದ್ದಾರೆ.

"ಫೋನ್ ಎತ್ತಲ್ಲ ಪುಣ್ಯಾತ್ಮ. ಇದು ಒಂಬತ್ತನೇ ಸಲ," ಎನ್ನುತ್ತಾರೆ ವಿಜ್ಞಾನಿ, ಅವರ ಬಗ್ಗೆ ಬರೆಯಲು ಬಂದ ನನಗೆ. "ವೈರಸ್ಸಿಗೆ ಯಾರಾದ್ರೂ ಭಾನುವಾರ ರಜೆ ಕೊಟ್ಟಿದಾರಾ?"

ವಾರ್ಡಿನವರು ಬೆನ್ನ ಹಿಂದೆ ಇವರನ್ನು ಶನಿ ಮೇಡಂ ಎನ್ನುತ್ತಾರೆ. ಹೆಗಲೇರಿದರೆ ಇಳಿಯುವುದಿಲ್ಲ ಎಂಬುದು ಒಂದು ಕಾರಣ. ಇಪ್ಪತ್ತೆರಡು ವರ್ಷದ ಸಂಶೋಧನೆ ಬಂದು ನಿಂತಿರುವುದು ಶನಿವಾರದ ಮೇಲೆ ಎಂಬುದು ಇನ್ನೊಂದು.

ಇವರ ಪ್ರಯೋಗಾಲಯ ಆಸ್ಪತ್ರೆಯ ಲಾಂಡ್ರಿಯ ಮೇಲಿದೆ. ಕೆಳಗೆ ಯಂತ್ರ ತಿರುಗಿದರೆ ಮೇಲೆ ಮೈಕ್ರೋಸ್ಕೋಪು ನಡುಗುತ್ತದೆ. ಮೈನಸ್ ಎಂಬತ್ತು ಡಿಗ್ರಿಯ ಪೆಟ್ಟಿಗೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ರಕ್ತದ ಮಾದರಿಗಳಿವೆ. ಹಸುಗೂಸಿನ ಯಕೃತ್ತಿಗೆ ಹೊಕ್ಕ ಈ ವೈರಸ್ ಹೆಚ್ಚಾಗಿ ಅಲ್ಲೇ ಬೀಡುಬಿಡುತ್ತದೆ. ನೋವಿಲ್ಲ, ಕಾಮಾಲೆಯಿಲ್ಲ, ನಲವತ್ತು ವರ್ಷ ತೆಪ್ಪಗಿದ್ದು ಕೆಲವರಲ್ಲಿ ಕ್ಯಾನ್ಸರ್ ಆಗಿ ಏಳುತ್ತದೆ. ಸೋಂಕು ತಗುಲಿದ ಮೂವತ್ತೊಂದು ಮಕ್ಕಳಲ್ಲಿ ವೈರಸ್ಸಿನ ಹೊಸ ತಳಿ ಇರಬಹುದೆಂದು ಇವರು ಆರು ವರ್ಷ ಹುಡುಕಿದರು. ಸಿಕ್ಕಿದ್ದು ಹಳೆಯದೇ. ಒಂದು ದಿನ ರೋಸಿಹೋಗಿ ಮಕ್ಕಳು ಹುಟ್ಟಿದ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಇಪ್ಪತ್ಮೂರು ಮಕ್ಕಳು ಶನಿವಾರದವರು. ಭಾನುವಾರ ಫ್ರಿಜ್ಜಿಗೆ ಬೀಗ, ಲಸಿಕೆ ಬಿದ್ದದ್ದು ಸೋಮವಾರ.

"ಆರು ವರ್ಷ ವೈರಸ್ಸಲ್ಲಿ ತಪ್ಪು ಹುಡುಕಿದೆ. ತಪ್ಪು ಬೀಗದಲ್ಲಿತ್ತು."

ಯಕೃತ್ತಿನ ಹಿಂದೆ ಬಿದ್ದದ್ದೇಕೆ ಎಂದರೆ ಮಾತು ಅಣ್ಣನ ಕಡೆ ತಿರುಗುತ್ತದೆ. ಬಸ್ ಕಂಡಕ್ಟರ್, ನಲವತ್ತೊಂದಕ್ಕೆ ಯಕೃತ್ತಿನ ಕ್ಯಾನ್ಸರಿನಲ್ಲಿ ಹೋದರು. "ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ, ಎಷ್ಟು ಕುಡೀತಿದ್ದ ಅಂತ. ನಮ್ಮಣ್ಣ ಕೆಮ್ಮಿನ ಔಷಧಿಗೇ ಮುಖ ಕಿವುಚ್ತಿದ್ದೋನು! ಉತ್ತರ ಹೇಳಿ ಹೇಳಿ ಸಾಕಾಗಿ ಅತ್ತಿಗೆ ಬಾಗಿಲೇ ಹಾಕ್ಕೊಂಡ್ಬಿಟ್ರು."

ಎಂಟೂಮುಕ್ಕಾಲಿಗೆ ಸ್ಟೋರ್‌ಕೀಪರ್ ಬರುತ್ತಾರೆ, ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು.

"ಒಂದು ಮಗುಗೋಸ್ಕರ ಹತ್ತು ಡೋಸಿನ ಬಾಟ್ಲು ತೆಗೀಬೇಕಾ ಮೇಡಂ? ಸೋಮವಾರ ಹತ್ತು ಮಕ್ಕಳು ಸೇರಿದ್ಮೇಲೆ..."

"ತೆಗೆದ ಬಾಟ್ಲು ಫ್ರಿಜ್ಜಲ್ಲಿಟ್ರೆ ನಾಲ್ಕು ವಾರ ಇರತ್ತೆ ಕಣ್ರೀ. ಎಷ್ಟನೇ ಸಲ ಹೇಳ್ತಿರೋದು ನಾನು?"

"ಹೋದ ವಾರಾನೂ ಹೇಳಿದ್ರಿ."

"ಮತ್ತೆ?"

"ಆಯ್ತು. ಆದ್ರೆ ಈ ಬೀಗ ಹಾಕ್ಸಿದ್ದು ಯಾರು, ಅದನ್ನೂ ಇವರಿಗೆ ಹೇಳಿ," ಎಂದು ಸ್ಟೋರ್‌ಕೀಪರ್ ನನ್ನ ಕಡೆ ನೋಡುತ್ತಾರೆ.

ವಿಜ್ಞಾನಿ ಬೀಗವನ್ನು ಬೆರಳಿನಿಂದ ತಟ್ಟುತ್ತಾರೆ. "ನಾನೇ," ಎನ್ನುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ಲಸಿಕೆಗಳ ನಡುವೆ ಯಾರದೋ ಊಟದ ಡಬ್ಬಿ ಕಂಡಿತ್ತು. ಆಸ್ಪತ್ರೆ ಹಾರಿಹೋಗುವಂತೆ ಕೂಗಾಡಿ ಇವರೇ ಬೀಗ ಹಾಕಿಸಿದ್ದರು. "ಡಬ್ಬಿ ಹೊರಗೆ ಹೋಯ್ತು. ಕೀ ಎಲ್ಲಿರ್ಬೇಕು ಅಂತ ಯೋಚನೇನೇ ಮಾಡ್ಲಿಲ್ಲ. ಡಾಕ್ಟರೇಟ್ ಬೇರೆ ಕೇಡು ನಂಗೆ."

ಒಂಬತ್ತಕ್ಕೆ ನರ್ಸ್ ಮಗುವಿನ ತೊಡೆಗೆ ಸೂಜಿ ಚುಚ್ಚುತ್ತಾರೆ. ಮಗು ವಾರ್ಡ್ ಎದ್ದು ಕೂರುವ ಹಾಗೆ ಕಿರುಚುತ್ತದೆ. ಬಾಟಲಿಯ ಮೇಲೆ ವಿಜ್ಞಾನಿ ತೆರೆದ ತಾರೀಖನ್ನು ದಪ್ಪಕ್ಷರದಲ್ಲಿ ಬರೆಯುತ್ತಾರೆ. ಅದನ್ನು ಒಳಗಿಟ್ಟು ಸ್ಟೋರ್‌ಕೀಪರ್ ಬೀಗ ಹಾಕುತ್ತಾರೆ. ಕೀ ಅಭ್ಯಾಸಬಲದಿಂದ ಜೇಬು ಸೇರುತ್ತದೆ.

"ನೋಡಿದ್ರಾ?" ವಿಜ್ಞಾನಿ ಹಣೆ ಚಚ್ಚಿಕೊಳ್ಳುತ್ತಾರೆ. ನರ್ಸುಗಳ ಮೇಜಿನ ಹಿಂದಿನ ಗೋಡೆಯಲ್ಲಿ ಕೀ ತೂಗುಹಾಕಲು ಒಂದು ಮೊಳೆ ಬೇಕೆಂದು ಇವರು ಬರೆದ ಅರ್ಜಿ ಹನ್ನೊಂದು ತಿಂಗಳಿಂದ ಕಟ್ಟಡ ವಿಭಾಗದ ಪರಿಶೀಲನೆಯಲ್ಲಿದೆ.

ಸಂಶೋಧನೆಗೆ ಇನ್ನೇನು ಬೇಕು ಎಂದು ಕೇಳುತ್ತೇನೆ. ಕೋಟಿನ ಜೇಬಿಗೆ ಕೈಹಾಕಿ ಎರಡಿಂಚಿನ ಮೊಳೆಯೊಂದನ್ನು ತೆಗೆದು ತೋರಿಸುತ್ತಾರೆ.

"ಮೊಳೆ ನಂದೇ ಇದೆ. ಸುತ್ತಿಗೆ ಯಾರಾದ್ರೂ ಕೊಟ್ರೆ ಸಾಕು."