ಕಣಗಿಲೆ ಯಾವ ಬಣ್ಣ?

ರಾಜೀವನಗರದ ಸರ್ಕಾರಿ ಶಾಲೆಯ ಚಲುವಮ್ಮ ಮಿಸ್ಸು ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಆದರೆ ಪಕ್ಕದವನ ಪುಸ್ತಕ ಇಣುಕಿ ಬರೆದವನು ಅವರ ಬಾಯಿಗೆ ಸಿಕ್ಕರೆ ಮುಗಿಯಿತು. "ಕಣ್ಣು ಕೊಟ್ಟಿರೋದು ಕಾಡಿಗೆ ಹಚ್ಚೋಕಲ್ಲ ಕಣ್ರೋ, ನೋಡೋಕೆ!" ತಮ್ಮ ಹತ್ತಿರ ಕಲಿತ ಮಗು ಕಂಡದ್ದನ್ನು ಕಂಡ ಹಾಗೆ ಹೇಳುತ್ತದೆ ಅನ್ನುವುದೊಂದೇ ಅವರಿಗಿದ್ದ ಹೆಮ್ಮೆ. ನಿವೃತ್ತಿಯೂ ಹತ್ತಿರ ಬಂದಿತ್ತು.

ಈ ವರ್ಷವೂ ನಾಲ್ಕನೇ ಕ್ಲಾಸನ್ನು ಪಾರ್ಕಿಗೆ ಕರೆದುಕೊಂಡು ಹೋದರು. ಯಾವ ಬಣ್ಣದ ಹೂ ಎಷ್ಟಿವೆ ಎಂದು ಎಣಿಸಿ ಬರೆಯಬೇಕು. ಮಕ್ಕಳು ದಾಸವಾಳ, ಕಣಗಿಲೆ ಎಲ್ಲ ಎಣಿಸಿದರು. ಕಾಲಡಿಯ ಮುಟ್ಟಿದರೆ ಮುನಿಯ ಹೂವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

"ಅದು ದೇವರಿಗೆ ಏರಲ್ಲ ಮಿಸ್, ಅದಕ್ಕೇ ಬುಟ್ಬುಟ್ವಿ" ಎಂದ ಯಶಸ್.

"ದೇವರಿಗೆ ಏರದಿದ್ರೆ ಹೂವಲ್ವೇನೋ? ಎಣಿಸು, ಹೋಗು."

ಅಷ್ಟರಲ್ಲಿ ಕೀರ್ತಿಯ ಪುಸ್ತಕದಲ್ಲಿ 'ಬಿಳಿ ಕಣಗಿಲೆ' ಎಂದಿದ್ದದ್ದು ಮಿಸ್ಸಿನ ಕಣ್ಣಿಗೆ ಬಿತ್ತು. ಗಿಡದ ಕಡೆ ನೋಡಿದರು. ತಿಳಿ ಹಳದಿ.

"ಸರಿಯಾಗಿ ನೋಡಮ್ಮ, ಹಳದಿ ಅದು."

"ಬಿಳಿ ಮಿಸ್."

"ಏನ್ರೋ, ಯಾವ ಬಣ್ಣ?" ಎಂದು ಎಲ್ಲರನ್ನೂ ಕೇಳಿದರು.

"ಹಳದಿ ಮಿಸ್!" ಕ್ಲಾಸೇ ಕೂಗಿತು. ರಬ್ಬರುಗಳು ಹೊರಬಂದವು.

ಕೀರ್ತಿ ಅಳುಮೋರೆ ಮಾಡಿಕೊಂಡಳು, ಅಳಿಸಲಿಲ್ಲ. ಬಿದ್ದಿದ್ದ ಹೂವೊಂದನ್ನು ತಂದು ಪುಸ್ತಕದ ಖಾಲಿ ಹಾಳೆಯ ಮೇಲಿಟ್ಟಳು. ಚಲುವಮ್ಮ ಬಗ್ಗಿ ನೋಡಿದರು. ಹೂವೂ ಹಾಳೆಯೂ ಒಂದೇ ಬಣ್ಣ. ಹಾಳೆ ಹಳದಿ ಇರುವುದುಂಟೇ? ಒಗೆದ ಬಟ್ಟೆ ಬೆಳ್ಳಗಾಗುತ್ತಿಲ್ಲ ಎಂದು ತಿಂಗಳುಗಟ್ಟಲೆ ಸೋಪನ್ನು ಬೈದದ್ದು ನೆನಪಾಯಿತು. ಕಣ್ಣಿಗೆ ಪೊರೆ ಬಂದಿದೆ. ಮುಚ್ಚಿಡುವ ಜಾಯಮಾನ ಅವರದಲ್ಲ.

"ಕೀರ್ತಿ ಹೇಳಿದ್ದೇ ಸರಿ. ನನ್ನ ಕಣ್ಣೇ ಮಂಜಾಗಿದೆ. ಕಣಗಿಲೆ ಬಿಳಿ."

"ಬಿಳಿ ಮಿಸ್!" ಮತ್ತೆ ಒಂದೇ ಕೂಗು. ಮತ್ತೆ ರಬ್ಬರು.

ಚಲುವಮ್ಮ ಯಶಸ್‌ನ ಕೈ ಹಿಡಿದುಕೊಂಡರು. "ನಿಜ ಹೇಳಪ್ಪ. ಆಗ ನಿಂಗೆ ಯಾವ ಬಣ್ಣ ಕಂಡಿತ್ತು?"

"ಮೊದಲಿಂದ್ಲೂ ಬಿಳೀನೇ ಮಿಸ್."

"ಮತ್ಯಾಕೋ ಹಳದಿ ಅಂದೆ?"

ಹುಡುಗ ಅವರ ಮುಖವನ್ನೇ ನೋಡಿದ. "ನೀವು ಅಂದ್ರಲ್ಲ ಮಿಸ್."

ಪೊರೆಗಾದರೆ ಆಪರೇಷನ್ ಉಂಟು, ಇದಕ್ಕೆ? ಚಲುವಮ್ಮನಿಗೆ ಅಳು ಒತ್ತರಿಸಿ ಬಂತು. ಅವನ ಕೈ ಬಿಟ್ಟು, ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟರು.