ಬನ್ನಿನ ಪುಡಿ, ಹೋಳಿಗೆಯ ತುಪ್ಪ

ಈಚೆಗೆ ಮಸ್ಕಿಯ ಬೇಕರಿಯಲ್ಲಿ ನನ್ನ ಮಗಳು ಒಂದು ಬನ್ನಿನ ಜಾತಕ ಕೇಳಿದಳು.

ಲಿಂಗಸುಗೂರಿನಲ್ಲಿ ಮದುವೆ ಮುಗಿಸಿ ಸಿಂಧನೂರಿಗೆ ವಾಪಸಾಗುತ್ತಿದ್ದೆವು. ಪಲ್ಲವಿ ವರ್ಷದಿಂದ ವೀಗನ್. (ಮಾಂಸವಂತೂ ನಮ್ಮ ಮನೆಗೆ ಬಂದದ್ದೇ ಇಲ್ಲ. ಈಗ ಹಾಲು, ಮೊಸರು, ತುಪ್ಪವೂ ಬಂದ್.) ಮದುವೆಯಲ್ಲಿ ಅವಳು ಉಂಡದ್ದು ಅನ್ನ, ಉಪ್ಪಿನಕಾಯಿ. ಬನ್ ನೋಡಿ ಆಸೆಪಟ್ಟಳು.

ಆಸೆಪಟ್ಟವಳು ಸುಮ್ಮನೆ ತಿನ್ನಬಾರದೇ? ಹಾಲು ಹಾಕುತ್ತೀರಾ ಎಂದಳು. ಇಲ್ಲ, ನೀರು, ಎಣ್ಣೆ ಅಷ್ಟೇ ಎಂದರು ಬೇಕರಿಯ ಬಸಣ್ಣ. ಮತ್ತೆ ಮೆತ್ತಗಾಗಲು ಹಾಕುವ ಪುಡಿ? ಅದರಲ್ಲಿ ಎಣ್ಣೆ, ನೀರು ಬೆರೆಸುವ 471 ಎಂಬ ಎಮಲ್ಸಿಫೈಯರ್ ಇರುತ್ತದಂತೆ. ಗಿಡದ ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿಯ ಕೊಬ್ಬಿನಿಂದಲೂ ಮಾಡುತ್ತಾರೆ. ನಂಬರ್ ಮಾತ್ರ ಒಂದೇ! ಹಿಂದೆ ಗಿರಾಕಿಗಳು ಕಾಯುತ್ತಿದ್ದರು. ಒಂದು ಬನ್ನಿಗೆ ಇದೆಂಥ ಪಂಚಾಯ್ತಿ ಎಂದು ಅವಳನ್ನು ಮೊಣಕೈಯಿಂದ ತಿವಿದೆ.

ಬಸಣ್ಣ ಸಿಡುಕಲಿಲ್ಲ. ಒಳಗೆ ಹೋಗಿ ಪುಡಿಯ ಡಬ್ಬಿ, ಖಾಲಿ ಪಾಕೀಟು ಎರಡನ್ನೂ ತಂದರು. ಕನ್ನಡಕ ಏರಿಸಿ ಓದಿದರು.

“ಇದರ ಮ್ಯಾಲ ಗಿಡದ್ದು ಅಂತ ಬರದಾರ. ಆದ್ರ ಡಬ್ಬಿ ತಳದಾಗ ಬ್ಯಾರೆ ಕಂಪನಿದು ಉಳಿದಿತ್ತು, ಅದರ ಮ್ಯಾಲೇ ಸುರುವೀನಿ. ಅದು ಎಂಥದೋ ನನಗ ಗೊತ್ತಿಲ್ಲಬೇ ತಂಗಿ. ತಿನಬ್ಯಾಡ.”

ವ್ಯಾಪಾರಕ್ಕೆ ಕೂತವರು ಹೀಗೂ ಹೇಳುತ್ತಾರಾ? ಏನೂ ಆಗುವುದಿಲ್ಲ ತಿನ್ನು ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಲ್ಲದೆ ಹುರಿದ ಶೇಂಗಾದ ಪೊಟ್ಟಣ ಕೊಟ್ಟು, ಇದಕ್ಕೆ ಯಾವ ನಂಬರೂ ಇಲ್ಲ ಎಂದು ನಕ್ಕರು. ನಮ್ಮ ಫೋನ್ ನಂಬರನ್ನೂ ಬರೆದುಕೊಂಡರು.

ಬಸ್ಸಿನಲ್ಲಿ ಪಲ್ಲವಿ ಖುಷಿಯಾಗಿ ಶೇಂಗಾ ತಿನ್ನುತ್ತಿದ್ದಳು. ನಾನು ನನ್ನ ಪಾಲನ್ನೂ ಅವಳ ಕೈಗೇ ಸುರಿದೆ. ಯಾಕೆಂದರೆ ಅದರ ಹಿಂದಿನ ವಾರ ಅವಳ ಹೋಳಿಗೆಗೆ ತುಪ್ಪ ಹಚ್ಚಿದ್ದೆ. ಕೇಳಿದಾಗ ಎಣ್ಣೆ ಎಂದಿದ್ದೆ. (ಹುಡುಗಿ ಸೊರಗಿದ್ದಾಳೆ ಎಂಬ ನೆಪ ತಾಯಂದಿರ ಸೆರಗಿನಲ್ಲೇ ಇರುತ್ತದೆ.) ಅಪರಿಚಿತರೊಬ್ಬರು ಅವಳ ಮಾತಿಗೆ ಕೊಟ್ಟ ಕಿಮ್ಮತ್ತನ್ನು ಹೆತ್ತ ನಾನು ಕೊಟ್ಟಿರಲಿಲ್ಲ. ಸಿಂಧನೂರು ಹತ್ತಿರವಾದಾಗ ಹೇಳಿಬಿಟ್ಟೆ.

ಅವಳು ಕೂಗಾಡಲಿಲ್ಲ. ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

“ಬ್ಯಾರೆ ಯಾವ್ಯಾವುದರಾಗ ಹಾಕಿದ್ದಿ, ಅವ್ವಾ?”

ಒಂದೂ ಬಿಡದೆ ಹೇಳಿದೆ. ಬಸ್ ಸ್ಟ್ಯಾಂಡ್ ಬಂದರೂ ಇನ್ನೂ ಹೇಳುತ್ತಲೇ ಇದ್ದೆ. ಆದರೂ ಎದೆ ಹಗುರಾಯಿತು. ಬಸಣ್ಣ ಇಲ್ಲದಿದ್ದರೆ ಇವತ್ತಿಗೂ ಆ ಹುಡುಗಿಗೆ ತುಪ್ಪ ತಿನ್ನಿಸುತ್ತಲೇ ಇರುತ್ತಿದ್ದೆ. ಪುಣ್ಯಾತ್ಮರಿಗೆ ನನ್ನ ಶರಣು.

ನಾಲ್ಕು ದಿನ ಬಿಟ್ಟು ಅವರದೇ ಫೋನ್. ಡಬ್ಬಿ ತೊಳೆದು ಹೊಸ ಪಾಕೀಟು ಒಡೆದಿದ್ದಾರಂತೆ, ತಂಗಿ ಧೈರ್ಯವಾಗಿ ಬನ್ ತಿನ್ನಬಹುದಂತೆ. ಪಲ್ಲವಿ ಕುಣಿದಾಡಿದಳು. ಆಮೇಲೆ ಅಡುಗೆಮನೆಗೆ ಬಂದು, ನಾನು ಒಗ್ಗರಣೆಗೆ ಇಟ್ಟ ಎಣ್ಣೆಯನ್ನು ಒಮ್ಮೆ ಮೂಸಿ ನೋಡಿ ಹೋದಳು.

ಅವರ ಡಬ್ಬಿ ನಾಲ್ಕೇ ದಿನಕ್ಕೆ ಚೊಕ್ಕವಾಯಿತು. ನನ್ನ ಮಾತಿಗೆ ಎಷ್ಟು ದಿನ ಬೇಕೋ?